ಕಾಲ ಕಾಯುವ ಸರಪಳಿ

ಮತ್ತಿಕೆರೆಯ ಹಳೆಯ ನಿವಾಸಿಗಳು ಬೆಳಗಿನ ಸದ್ದುಗಳನ್ನು ಕೇಳಿಯೇ ಗಂಟೆ ಎಷ್ಟಾಗಿರಬಹುದೆಂದು ಹೇಳಿಬಿಡುತ್ತಿದ್ದರು. ಯಶವಂತಪುರ ನಿಲ್ದಾಣದ ಕಡೆಯಿಂದ ರೈಲಿನ ಕೂಗು, ಹಾಲಿನವನ ಸೈಕಲ್ ಗಂಟೆ, ನೌಕರರನ್ನು ಹತ್ತಿಸಿಕೊಂಡು ಜಾಲಹಳ್ಳಿಯ ಕಡೆಗೆ ಹೊರಡುವ ಕಾರ್ಖಾನೆ ಬಸ್ಸುಗಳು. ನಮ್ಮ ಬೀದಿಯಲ್ಲಿ ಇವುಗಳ ಜೊತೆಗೆ ಇನ್ನೊಂದು ಸದ್ದೂ ಸೇರಿಕೊಂಡಿತ್ತು. ಎದುರು ಮನೆಯ ನಿವೃತ್ತರೊಬ್ಬರು ತಮ್ಮ ಹಳೆಯ ಕಾರನ್ನು ಚಾಲೂ ಮಾಡಿದೊಡನೆ ಎಂಜಿನ್ನಿನ ಮುಂಭಾಗದಿಂದ, ತಗಡಿನ ಡಬ್ಬಿಯಲ್ಲಿ ಚಿಲ್ಲರೆ ಕಾಸು ಅಲುಗಿಸಿದಂತೆ ಗಲಗಲ ಶಬ್ದ ಬರುತ್ತಿತ್ತು. ನಾಲ್ಕೈದು ಸೆಕೆಂಡು ಅಷ್ಟೆ. ಎಣ್ಣೆ ಮೇಲೇರಿದ ಮೇಲೆ ಸದ್ದು ಅಡಗಿ, ಕಾರು ಏನೂ ಆಗಿಲ್ಲವೆಂಬಂತೆ ಬೀದಿ ದಾಟಿ ಹೋಗುತ್ತಿತ್ತು.

ಮೂಲೆಯ ಮೆಕ್ಯಾನಿಕ್ ಅದನ್ನು ಕೇಳಿ, "ಚೈನು ಸಡಿಲಾಗಿದೆ ಸಾರ್, ಬದಲಾಯಿಸಿಬಿಡಿ" ಎಂದಿದ್ದ. "ಇನ್ನೊಂದು ವರ್ಷ ಓಡುವುದಿಲ್ಲವೇ?" ಎಂದು ಇವರು ಕೇಳಿದರು. "ಓಡಬಹುದು" ಎಂದ. ಆ ಒಂದು ಮಾತಿನ ಮೇಲೆ ಅವರು ಎರಡು ವರ್ಷ ತಳ್ಳಿದರು.

ಹಳೆಯ ಕಾರು ಇಟ್ಟುಕೊಂಡ ಪ್ರತಿಯೊಬ್ಬರ ಬಾಳಿನಲ್ಲೂ ಈ ಸಂಭಾಷಣೆ ಒಮ್ಮೆಯಾದರೂ ನಡೆದಿರುತ್ತದೆ. ಟಯರು ಸವೆದರೆ ಕಣ್ಣಿಗೆ ಕಾಣುತ್ತದೆ, ಬ್ಯಾಟರಿ ಸತ್ತರೆ ಕಾರು ಹೊರಡುವುದೇ ಇಲ್ಲ. ಆದರೆ ಟೈಮಿಂಗ್ ಚೈನು ಎಂಬ ಈ ಸರಪಳಿ ಎಂಜಿನ್ನಿನ ಮುಂದಿನ ಮುಚ್ಚಳದ ಹಿಂದೆ, ಎಣ್ಣೆಯಲ್ಲಿ ನೆನೆಯುತ್ತ, ಯಾರ ಕಣ್ಣಿಗೂ ಬೀಳದೆ ತಿರುಗುತ್ತಿರುತ್ತದೆ. ಅದನ್ನು ಯಾವಾಗ ಬದಲಾಯಿಸಬೇಕು? ಬೇಗ ಬದಲಾಯಿಸಿದರೆ ಹಣ ದಂಡ, ತಡವಾದರೆ ಎಂಜಿನ್ನೇ ದಂಡ. ಈ ಪ್ರಶ್ನೆಗೆ ಒಂದು ಕಾಲದಲ್ಲಿ ಕಿವಿ ಉತ್ತರ ಹೇಳುತ್ತಿತ್ತು. ಆಮೇಲೆ ಕಂಪನಿಯ ಕೈಪಿಡಿ ಹೇಳತೊಡಗಿತು. ಈಗ ಮತ್ತೆ ಕಿವಿಯ ಸರದಿ ಬಂದಿದೆ. ಅದು ಹೇಗೆ ಬಂತೆಂಬುದು ಸ್ವಾರಸ್ಯದ ಕತೆ.

ಎರಡು ಸುತ್ತಿಗೆ ಒಂದು ಸುತ್ತು

ಮೊದಲು ಸರಪಳಿಯ ಕೆಲಸವೇನೆಂದು ನೋಡೋಣ. ಜರ್ಮನಿಯ ನಿಕೊಲಾಸ್ ಆಟೊ 1876ರಲ್ಲಿ ಕಾರ್ಯರೂಪಕ್ಕೆ ತಂದ ನಾಲ್ಕು ಹೊಡೆತಗಳ ಕ್ರಮವೇ ಇಂದಿನ ಪೆಟ್ರೋಲ್ ಕಾರುಗಳಲ್ಲೂ ಇದೆ. ಪಿಸ್ಟನ್ ಕೆಳಗಿಳಿಯುತ್ತ ಗಾಳಿ ಮತ್ತು ಇಂಧನವನ್ನು ಒಳಗೆಳೆಯುತ್ತದೆ. ಮೇಲೇರುತ್ತ ಅದನ್ನು ಅದುಮುತ್ತದೆ. ಕಿಡಿ ಹೊತ್ತಿದಾಗ ಬಲವಾಗಿ ಕೆಳಕ್ಕೆ ತಳ್ಳಲ್ಪಡುತ್ತದೆ. ಮತ್ತೆ ಮೇಲೇರಿ ಸುಟ್ಟ ಅನಿಲವನ್ನು ಹೊರದೂಡುತ್ತದೆ. ಇಷ್ಟಾಗುವಷ್ಟರಲ್ಲಿ ಕೆಳಗಿನ ಕ್ರ್ಯಾಂಕ್ ದಂಡ ಎರಡು ಸುತ್ತು ತಿರುಗಿರುತ್ತದೆ. ಗಾಳಿ ಬರುವ ಕವಾಟ, ಹೊಗೆ ಹೋಗುವ ಕವಾಟ ಇವೆರಡೂ ಆ ಎರಡು ಸುತ್ತಿನಲ್ಲಿ ಒಮ್ಮೊಮ್ಮೆ ಮಾತ್ರ ತೆರೆಯಬೇಕು, ಅದೂ ನಿಗದಿಯಾದ ಗಳಿಗೆಯಲ್ಲಿ.

ಕವಾಟಗಳನ್ನು ತೆರೆಯುವುದು ಉಬ್ಬುಗಳಿರುವ ಇನ್ನೊಂದು ದಂಡ. ಅದೇ ಕ್ಯಾಮ್ ದಂಡ. ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಒಂದೇ ಸುತ್ತು ತಿರುಗಬೇಕು. ಆದ್ದರಿಂದ ಕ್ರ್ಯಾಂಕಿನ ತುದಿಯ ಹಲ್ಲುಚಕ್ರಕ್ಕೆ 19 ಹಲ್ಲಿದ್ದರೆ ಕ್ಯಾಮ್‌ನದಕ್ಕೆ 38. ಇವೆರಡನ್ನೂ ಬಿಗಿದು, ಒಂದಕ್ಕೊಂದು ಲೆಕ್ಕ ತಪ್ಪದಂತೆ ನೋಡಿಕೊಳ್ಳುವುದು ಸರಪಳಿಯ ಕೆಲಸ. ಕ್ರ್ಯಾಂಕ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಒಂದೊಂದು ಕವಾಟವೂ ಸೆಕೆಂಡಿಗೆ 25 ಬಾರಿ ತೆರೆದು ಮುಚ್ಚುತ್ತದೆ. ಆ ವೇಗದಲ್ಲಿ ಹೊತ್ತು ತಪ್ಪಿದರೆ ಅನೇಕ ಎಂಜಿನ್‌ಗಳಲ್ಲಿ ಇಳಿದ ಕವಾಟಕ್ಕೆ ಏರಿ ಬಂದ ಪಿಸ್ಟನ್ ಡಿಕ್ಕಿ ಹೊಡೆಯುತ್ತದೆ. ಕವಾಟ ಬಾಗುತ್ತದೆ, ಪಿಸ್ಟನ್ ಒಡೆಯಲೂಬಹುದು. ಸಣ್ಣ ಸದ್ದಿಗೆ ಮೆಕ್ಯಾನಿಕ್ ಮುಖ ಗಂಭೀರವಾಗುವುದು ಈ ಕಾರಣಕ್ಕೆ.

ಸೈಕಲ್ಲಿನ ದಾಯಾದಿ

ಈ ಸರಪಳಿ ಮೋಟಾರಿಗಾಗಿ ಹುಟ್ಟಿದ್ದಲ್ಲ. ಅದರ ಮೂಲ ಇರುವುದು ಇಂಗ್ಲೆಂಡಿನ ಬಟ್ಟೆ ಗಿರಣಿಗಳಲ್ಲಿ. ಸ್ವಿಟ್ಜರ್ಲೆಂಡಿನಿಂದ ಬಂದು ಮ್ಯಾಂಚೆಸ್ಟರಿನ ಬಳಿ ನೆಲೆಸಿದ ಹಾನ್ಸ್ ರೆನಾಲ್ಡ್ ಎಂಬ ಎಂಜಿನಿಯರ್ 1879ರಲ್ಲಿ, ನೂಲಿನ ಯಂತ್ರಗಳಿಗೆ ಸರಪಳಿ ಮಾಡುತ್ತಿದ್ದ ಒಂದು ಪುಟ್ಟ ಕಾರ್ಖಾನೆಯನ್ನು ಕೊಂಡರು. ಅಲ್ಲಿಯ ಸರಪಳಿಗಳದ್ದು ಒಂದೇ ದೋಷ, ಬೇಗ ಸವೆಯುತ್ತಿದ್ದವು. ಕೊಂಡಿಗಳನ್ನು ಕೂಡಿಸುವ ಪಿನ್ನು ತೆಳುವಾದ ತಗಡಿನ ಅಂಚಿನ ಮೇಲೆಯೇ ಉಜ್ಜುತ್ತಿತ್ತು. ಭಾರವೆಲ್ಲ ಆ ಅಂಚಿನ ಮೇಲೆ ಬಿದ್ದು ತೂತು ದೊಡ್ಡದಾಗುತ್ತಿತ್ತು. ರೆನಾಲ್ಡ್ 1880ರಲ್ಲಿ ಪಿನ್ನಿನ ಸುತ್ತ ಒಂದು ಕೊಳವೆಯನ್ನು, ಅಂದರೆ ಬುಷ್ಷನ್ನು, ಅದರ ಮೇಲೊಂದು ಉರುಳೆಯನ್ನು ತೊಡಿಸಿದರು. ಭಾರ ಈಗ ಬುಷ್ಷಿನ ಉದ್ದಕ್ಕೂ ಹಂಚಿಹೋಯಿತು. ಉರುಳೆ ಹಲ್ಲಿನ ಮೇಲೆ ಉಜ್ಜುವ ಬದಲು ಉರುಳತೊಡಗಿತು. ಸರಪಳಿಯ ಆಯುಸ್ಸು ಹಲವು ಪಟ್ಟು ಹೆಚ್ಚಿತು.

ಐದು ವರ್ಷಗಳಲ್ಲಿ, 1885ರಲ್ಲಿ, ಕವೆಂಟ್ರಿಯಲ್ಲಿ ರೋವರ್ ಸೈಕಲ್ ಬಂದಿತು. ಹಿಂದಿನ ಚಕ್ರಕ್ಕೆ ಸರಪಳಿ ಹಾಕಿ ಓಡಿಸುವ, ನಾವು ಇಂದಿಗೂ ತುಳಿಯುವ ಮಾದರಿ ಅದೇ. ಸರಪಳಿ ಮನೆಮನೆಗೆ ಬಂದದ್ದು ಸೈಕಲ್ಲಿನ ಜೊತೆ. ಅಂದಿನ ಮೋಟಾರುಗಳು ಮಾತ್ರ ಕ್ಯಾಮ್ ದಂಡವನ್ನು ಬಹುತೇಕ ಹಲ್ಲುಚಕ್ರಗಳಿಂದಲೇ ತಿರುಗಿಸುತ್ತಿದ್ದವು. ಹಲ್ಲಿಗೆ ಹಲ್ಲು ಕಚ್ಚುವ ಗಿಯರುಗಳು ಗಟ್ಟಿ, ಆದರೆ ಕರಕರ ಸದ್ದು ಹೆಚ್ಚು. ಕಾರು ಕೊಳ್ಳುವ ಶ್ರೀಮಂತರಿಗೆ ಸದ್ದು ಬೇಡವಾಗಿತ್ತು. 1910ರ ಆಚೀಚೆಗೆ ಒಳ್ಳೆಯ ಕಾರುಗಳು ಒಂದೊಂದಾಗಿ ಸರಪಳಿಗೆ ತಿರುಗಿದವು. ಸದ್ದಿಲ್ಲದ ಕಾರಣಕ್ಕೆ ಎಂಜಿನ್ನಿನೊಳಗೆ ಪ್ರವೇಶ ಪಡೆದ ಈ ಭಾಗ, ತನಗೆ ವಯಸ್ಸಾಯಿತೆಂದು ತಿಳಿಸುವುದು ಮಾತ್ರ ಸದ್ದಿನ ಮೂಲಕವೇ!

ಬೆಂಗಳೂರಿಗೆ ಬರಬೇಕಿದ್ದ ಕಾರ್ಖಾನೆ

ನಮ್ಮವರ ಮಟ್ಟಿಗೆ ಸರಪಳಿಯ ಕತೆ ಎರಡು ಕಾರುಗಳ ಕತೆ. ಅವುಗಳಲ್ಲಿ ಒಂದು ಬೆಂಗಳೂರಿನದೇ ಆಗಬಹುದಿತ್ತು.

ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟು ಬಹಳ ಕಾಲವಾದ ಮೇಲೂ ಕೈಗಾರಿಕೆಯ ಕನಸನ್ನು ಬಿಟ್ಟಿರಲಿಲ್ಲ. 1935ರಲ್ಲಿ ಯೂರೋಪು, ಅಮೆರಿಕಗಳನ್ನು ಸುತ್ತಿ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ನೋಡಿ ಬಂದರು. ಮರುವರ್ಷ ಭಾರತದಲ್ಲೇ ಕಾರು ತಯಾರಿಸುವ ಯೋಜನೆಯೊಂದನ್ನು ಸಿದ್ಧಪಡಿಸಿದರು. ಮುಂಬಯಿಯ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದರಲ್ಲಿ ಕೈಜೋಡಿಸಿದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಮೈಸೂರು ಸರ್ಕಾರ ಕಾರ್ಖಾನೆ ಬೆಂಗಳೂರಿಗೆ ಬರಲೆಂದು ಆಸಕ್ತಿ ತೋರಿತು. ಬ್ರಿಟಿಷ್ ಸರ್ಕಾರದ ಬೆಂಬಲ ಮಾತ್ರ ಸಿಗಲಿಲ್ಲ. ಯೋಜನೆ ನೆನೆಗುದಿಗೆ ಬಿದ್ದಿತು. ಅದೇ ವಾಲ್‌ಚಂದ್ 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಪಾಲುದಾರಿಕೆಯೊಂದಿಗೆ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಆರಂಭಿಸಿದರು. ಅದೇ ಇಂದಿನ ಎಚ್‌ಎಎಲ್. ಕಾರಿಗಾಗಿ ಅವರು 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ಸ್ಥಾಪಿಸಿದ್ದು ಮುಂಬಯಿಯಲ್ಲಿ. ಹೀಗೆ ಬೆಂಗಳೂರಿಗೆ ಕಾರಿಗಿಂತ ಮೊದಲು ವಿಮಾನ ಬಂದಿತು.

ಮುಂಬಯಿಯ ಕುರ್ಲಾದಿಂದ ಫಿಯಟ್ 1100, ಕಲ್ಕತ್ತೆಯ ಬಳಿಯ ಉತ್ತರಪಾಡಾದಿಂದ ಅಂಬಾಸಿಡರ್. ಸ್ವಾತಂತ್ರ್ಯಾನಂತರ ಬಹುಕಾಲ ಮಧ್ಯಮ ವರ್ಗದವರು ಬಲ್ಲ ಕಾರುಗಳೆಂದರೆ ಹೆಚ್ಚಾಗಿ ಇವೆರಡೇ. ಮೂರನೆಯದಾಗಿ ಮದ್ರಾಸಿನ ಸ್ಟ್ಯಾಂಡರ್ಡ್ ಅಲ್ಲೊಂದು ಇಲ್ಲೊಂದು ಕಾಣುತ್ತಿತ್ತು. ಫಿಯಟ್ 1974ರಲ್ಲಿ ಪದ್ಮಿನಿ ಎಂಬ ಹೆಸರು ತಳೆಯಿತು. ಫಿಯಟ್ಟಿನದು 1,089 ಸಿ.ಸಿ. ಎಂಜಿನ್, ಅಂಬಾಸಿಡರಿನದು 1,489 ಸಿ.ಸಿ. ಎರಡರಲ್ಲೂ ಕ್ಯಾಮ್ ದಂಡ ಕ್ರ್ಯಾಂಕಿನ ಹತ್ತಿರವೇ ಇದ್ದು, ಉದ್ದನೆಯ ತಳ್ಳುಕಡ್ಡಿಗಳ ಮೂಲಕ ಮೇಲಿನ ಕವಾಟಗಳನ್ನು ತೆರೆಯುತ್ತಿತ್ತು. ಎರಡಕ್ಕೂ ಗಿಡ್ಡನೆಯ ಗಟ್ಟಿ ಸರಪಳಿ.

ಹೊಸ ಕಾರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲವದು. ಕಾರು ಒಮ್ಮೆ ಬಂದರೆ ಮನೆಯ ಸದಸ್ಯನಂತೆ ಇಪ್ಪತ್ತು ಇಪ್ಪತ್ತೈದು ವರ್ಷ ಉಳಿಯುತ್ತಿತ್ತು. ಎಂಜಿನ್ ಬಿಚ್ಚಿ ಕಟ್ಟುವುದು ಸಾಮಾನ್ಯ ಸಂಗತಿ. ಬಿಡಿಭಾಗಕ್ಕೆ ಜೆ.ಸಿ. ರಸ್ತೆ, ಅಲ್ಲಿ ಸಿಗದಿದ್ದರೆ ಶಿವಾಜಿನಗರದ ಗುಜರಿ. ಸರಪಳಿ ಬದಲಾಯಿಸುವ ನಿರ್ಧಾರದಲ್ಲಿ ಆ ದಿನಗಳಲ್ಲಿ ಸಮಯವಿತ್ತು, ಚೌಕಾಸಿಯೂ ಇತ್ತು. ಗಿಡ್ಡ ಸರಪಳಿ ಸಡಿಲಾದರೂ ಒಮ್ಮೆಲೇ ಕೈಕೊಡುವುದು ಅಪರೂಪವಾದ್ದರಿಂದ "ಓಡಬಹುದು" ಎಂಬ ಮಾತಿಗೆ ಅರ್ಥವಿತ್ತು.

ಕೂದಲೆಳೆಯ ಲೆಕ್ಕ

ಸರಪಳಿ "ಎಳೆದುಕೊಂಡಿದೆ" ಎಂದು ಗ್ಯಾರೇಜಿನಲ್ಲಿ ಹೇಳುವುದುಂಟು. ವಾಸ್ತವದಲ್ಲಿ ಉಕ್ಕು ರಬ್ಬರಿನಂತೆ ಹಿಗ್ಗುವುದಿಲ್ಲ. ಪ್ರತಿ ಕೀಲಿನಲ್ಲೂ ಪಿನ್ನು ಮತ್ತು ಬುಷ್ಷು ಒಂದಿಷ್ಟು ಸವೆಯುತ್ತವೆ. ಆ ಸಣ್ಣ ಸವೆತಗಳ ಮೊತ್ತವೇ ಸರಪಳಿಯ ಉದ್ದವಾಗುತ್ತದೆ.

ಒಂದು ಉದಾಹರಣೆ ನೋಡೋಣ. ಸರಪಳಿಗೆ 60 ಕೊಂಡಿಗಳಿವೆ, ಒಂದೊಂದರ ಅಳತೆ ಒಂಬತ್ತೂವರೆ ಮಿಲಿಮೀಟರು ಎಂದಿಟ್ಟುಕೊಳ್ಳಿ. ಪ್ರತಿ ಕೀಲೂ 0.06 ಮಿಲಿಮೀಟರು ಸವೆಯಿತು. ಅದು ಒಂದು ತಲೆಗೂದಲಿನ ದಪ್ಪ. ಒಟ್ಟು ಉದ್ದದಲ್ಲಿ ಮೂರೂವರೆ ಮಿಲಿಮೀಟರಿಗೂ ಹೆಚ್ಚು ಕೂಡಿತು. ಕ್ರ್ಯಾಂಕು ಕ್ಯಾಮನ್ನು ಎಳೆಯುವ ಬಿಗಿಯಾದ ಮಗ್ಗುಲಲ್ಲಿ ಸುಮಾರು 16 ಕೊಂಡಿಗಳಿದ್ದರೆ ಅಲ್ಲಿ ಒಂದು ಮಿಲಿಮೀಟರು ಹೆಚ್ಚಾಯಿತು. 38 ಹಲ್ಲಿನ ಚಕ್ರದಲ್ಲಿ ಅಷ್ಟಕ್ಕೆ ಕ್ಯಾಮ್ ಒಂದು ಡಿಗ್ರಿ ಹಿಂದೆ ಬೀಳುತ್ತದೆ. ಕ್ರ್ಯಾಂಕಿನ ಲೆಕ್ಕದಲ್ಲಿ ಎರಡು ಡಿಗ್ರಿ. ಉಳಿದ ಸಡಿಲವೆಲ್ಲ ಇನ್ನೊಂದು ಮಗ್ಗುಲಲ್ಲಿ ಸೇರಿಕೊಂಡು, ಸರಪಳಿ ಮುಚ್ಚಳಕ್ಕೆ ಅಥವಾ ಬಿಗಿ ಕೊಡುವ ಪಟ್ಟಿಗೆ ಬಡಿಯುತ್ತದೆ. ಬೆಳಗಿನ ಗಲಗಲ ಅಲ್ಲಿಂದ ಬಂದದ್ದು.

ಈ ಸವೆತಕ್ಕೆ ಎಷ್ಟು ದುಡಿಮೆ ಕಾರಣವೆಂದೂ ಲೆಕ್ಕ ಹಾಕಬಹುದು. ಸರಾಸರಿ ಗಂಟೆಗೆ 40 ಕಿಲೋಮೀಟರಿನಂತೆ ಒಂದು ಲಕ್ಷ ಕಿಲೋಮೀಟರಿಗೆ 2,500 ಗಂಟೆ. ಎಂಜಿನ್ ನಿಮಿಷಕ್ಕೆ 2,500 ಸುತ್ತು ತಿರುಗಿದರೆ ಒಟ್ಟು 37.5 ಕೋಟಿ ಸುತ್ತು. ನಮ್ಮ 60 ಕೊಂಡಿಯ ಸರಪಳಿ ಅಷ್ಟರಲ್ಲಿ ತನ್ನ ಹಾದಿಯನ್ನು ಸುಮಾರು 12 ಕೋಟಿ ಬಾರಿ ಸುತ್ತಿರುತ್ತದೆ. ಪ್ರತಿ ಸುತ್ತಿನಲ್ಲಿ ಪ್ರತಿ ಕೀಲೂ ಎರಡು ಚಕ್ರಗಳ ಬಳಿ ಬಾಗಿ, ನೆಟ್ಟಗಾಗಿ ನಾಲ್ಕು ಬಾರಿ ಮಡಿಚಿಕೊಂಡಿರುತ್ತದೆ. ಹತ್ತಿರ ಹತ್ತಿರ 48 ಕೋಟಿ ಮಡಿಕೆಗೆ ಒಂದು ಕೂದಲಿನಷ್ಟು ಸವೆದರೆ ಅದನ್ನು ದೂರಲಾದೀತೇ?

ಎರಡು ಡಿಗ್ರಿಯಿಂದ ಕಾರು ನಿಲ್ಲುವುದಿಲ್ಲ. ಆದರೆ ಹತ್ತರತ್ತ ಸಾಗಿದಾಗ ಕವಾಟಗಳು ತಡವಾಗಿ ತೆರೆದು ತಡವಾಗಿ ಮುಚ್ಚುತ್ತವೆ. ನಿಧಾನ ವೇಗದಲ್ಲಿ ಎಳೆತ ಕುಗ್ಗುತ್ತದೆ, ಏರಿನಲ್ಲಿ ಕಾರು ಮುಗ್ಗರಿಸುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಹಳೆಯ ಕಾರುಗಳಲ್ಲಿ ಇಲ್ಲೊಂದು ಮೋಸವೂ ಅಡಗಿತ್ತು. ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ತಿರುಗಿಸುವುದೂ ಕ್ಯಾಮ್ ದಂಡವೇ. ಸರಪಳಿ ಸವೆದಂತೆ ಕಿಡಿಯೂ ತಡವಾಗುತ್ತಿತ್ತು. ಟ್ಯೂನಿಂಗ್ ಮಾಡುವಾತ ಡಿಸ್ಟ್ರಿಬ್ಯೂಟರನ್ನು ಒಂದಿಷ್ಟು ತಿರುಗಿಸಿ ಕಿಡಿಯನ್ನು ಸರಿಪಡಿಸುತ್ತಿದ್ದ. ಕಾರು ಚುರುಕಾದಂತೆ ತೋರುತ್ತಿತ್ತು, ಮಾಲೀಕರಿಗೆ ಸಂತೋಷ. ಕವಾಟಗಳ ತಡ ಮಾತ್ರ ಹಾಗೆಯೇ ಉಳಿಯುತ್ತಿತ್ತು. ಪ್ರತಿ ವರ್ಷ ಟ್ಯೂನಿಂಗಿಗೆ ಕೊಟ್ಟ ಹಣದಲ್ಲಿ ಎರಡು ಸರಪಳಿ ಬರುತ್ತಿತ್ತೆಂದು ನಂತರ ಲೆಕ್ಕ ಹಾಕಿ ಮರುಗಿದವರಿದ್ದಾರೆ.

ಬಲ್ಲ ಮೆಕ್ಯಾನಿಕ್‌ಗಳು ಎಂಜಿನ್ ಬಿಚ್ಚದೆಯೇ ಪರೀಕ್ಷೆ ಮಾಡುತ್ತಿದ್ದರು. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಕ್ರ್ಯಾಂಕಿನ ತುದಿಗೆ ಪಾನ ಹಾಕಿ ಒಂದು ದಿಕ್ಕಿಗೆ ಮೆಲ್ಲನೆ ತಿರುಗಿಸುವುದು, ಆಮೇಲೆ ಹಿಮ್ಮುಖವಾಗಿ ತಿರುಗಿಸುವುದು. ಒಳಗಿನ ರೋಟರು ಅಲುಗುವ ಮೊದಲು ಕ್ರ್ಯಾಂಕು ಎಷ್ಟು ಡಿಗ್ರಿ ಸುಮ್ಮನೆ ತಿರುಗಿತೋ ಅಷ್ಟೇ ಸಡಿಲ. ಐದರೊಳಗಿದ್ದರೆ ಚಿಂತೆಯಿಲ್ಲ, ಹತ್ತು ದಾಟಿದರೆ ತಡಮಾಡಬಾರದು ಎಂಬುದು ಗ್ಯಾರೇಜುಗಳ ಸ್ಥೂಲ ಲೆಕ್ಕ. ಸೈಕಲ್ ಅಂಗಡಿಯವನು ಮುಂದಿನ ಚಕ್ರದ ಹಲ್ಲಿನಿಂದ ಚೈನನ್ನು ಬೆರಳಲ್ಲಿ ಎತ್ತಿ, ಹಲ್ಲು ಕಾಣುತ್ತದೆಯೇ ಎಂದು ನೋಡುತ್ತಾನಲ್ಲ, ಅದರದೇ ಇನ್ನೊಂದು ರೂಪ ಇದು.

ಇಂಥ ಲೆಕ್ಕವನ್ನು ಒಪ್ಪುವ ಜನ ಮತ್ತಿಕೆರೆಯ ಸುತ್ತ ಸಾಕಷ್ಟಿದ್ದರು. ಒಂದು ಮಗ್ಗುಲಲ್ಲಿ 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆ. ಅಲ್ಲಿ 1940ರ ದಶಕದಲ್ಲಿ ಅಂತರ್ದಹನ ಎಂಜಿನ್‌ಗಳಿಗೆಂದೇ ವಿಭಾಗವೊಂದು ರೂಪುಗೊಂಡಿತು. ಇನ್ನೊಂದು ಮಗ್ಗುಲಲ್ಲಿ 1953ರಲ್ಲಿ ಆರಂಭವಾದ ಎಚ್‌ಎಂಟಿ, ಮರುವರ್ಷ ಬಂದ ಬಿಇಎಲ್. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಕೈಗಡಿಯಾರವನ್ನೂ ಮಾಡತೊಡಗಿತು. ಮಿಲಿಮೀಟರಿನ ನೂರನೆಯ ಒಂದು ಭಾಗವನ್ನು ಅಳೆಯುವುದೇ ಹಗಲಿನ ಕಸುಬಾದವರು ಸಂಜೆ ಈ ಬೀದಿಗಳಿಗೆ ಮರಳುತ್ತಿದ್ದರು. ಗಡಿಯಾರದೊಳಗಿನ ಸವೆತವನ್ನು ಬಲ್ಲವರಿಗೆ ಎಂಜಿನ್ನಿನೊಳಗಿನ ಸವೆತವನ್ನು ವಿವರಿಸಬೇಕಾಗಿರಲಿಲ್ಲ.

ಕಿವಿಯಿಂದ ಕೈಪಿಡಿಗೆ

1983ರ ಡಿಸೆಂಬರ್ 14ರಂದು ಮಾರುತಿ 800 ರಸ್ತೆಗಿಳಿಯಿತು. ಹಗುರ, ಚುರುಕು, ಮಿತವ್ಯಯ ಎಂದೆಲ್ಲ ಅದನ್ನು ಹೊಗಳಿದ್ದಾಯಿತು. ಅದರ 796 ಸಿ.ಸಿ. ಎಂಜಿನ್ನಿನ ಮುಂಭಾಗದಲ್ಲಿ ಸರಪಳಿ ಇರಲಿಲ್ಲ. ಬದಲಿಗೆ ಒಳಮೈಯಲ್ಲಿ ಹಲ್ಲುಗಳಿರುವ ರಬ್ಬರ್ ಬೆಲ್ಟು.

ಇದೂ ಹೊರದೇಶದಲ್ಲಿ ಹಳೆಯ ಸಂಗತಿಯೇ. ಜರ್ಮನಿಯ ಗ್ಲಾಸ್ ಎಂಬ ಸಣ್ಣ ಕಂಪನಿ 1962ರಲ್ಲಿ ತನ್ನ 1004 ಮಾದರಿಯ ಕಾರಿಗೆ ಇಂಥ ಬೆಲ್ಟನ್ನು ಅಳವಡಿಸಿತ್ತು. ಕ್ಯಾಮ್ ದಂಡವನ್ನು ಎಂಜಿನ್ನಿನ ನೆತ್ತಿಗೇರಿಸಿದಾಗ ಕ್ರ್ಯಾಂಕಿಗೂ ಅದಕ್ಕೂ ದೂರ ಹೆಚ್ಚುತ್ತದೆ. ಅಷ್ಟುದ್ದದ ಸರಪಳಿ ಭಾರ, ದುಬಾರಿ, ಸದ್ದು ಬೇರೆ. ಬೆಲ್ಟಾದರೆ ಅಗ್ಗ, ಎಣ್ಣೆಯೂ ಬೇಡ.

ಬೆಲ್ಟಿಗೆ ಒಂದು ಸ್ವಭಾವವಿದೆ. ಅದು ಗಲಗಲ ಎನ್ನುವುದಿಲ್ಲ. ಒಳಗಿನ ನೂಲು ದಣಿದು, ರಬ್ಬರು ಒಣಗಿ, ಒಂದು ದಿನ ಸುಳಿವೂ ಕೊಡದೆ ಹರಿಯುತ್ತದೆ. ಹೀಗಾಗಿ ತಯಾರಕರು ಕೈಪಿಡಿಯಲ್ಲಿ ಇಷ್ಟು ಕಿಲೋಮೀಟರಿಗೆ ಅಥವಾ ಇಷ್ಟು ವರ್ಷಕ್ಕೆ ಬದಲಾಯಿಸಿ ಎಂದು ಅಂಕಿ ಬರೆದು ಕೊಟ್ಟರು. ಬಿಡದಿಯ ಕಾರ್ಖಾನೆಯಲ್ಲಿ ತಯಾರಾಗಿ 2005ರಲ್ಲಿ ಬಂದ ಇನ್ನೋವಾದ ಡೀಸೆಲ್ ಎಂಜಿನ್ನಿಗೂ ಬೆಲ್ಟೇ. ಟೊಯೊಟಾ ಡೀಸೆಲ್‌ಗಳಲ್ಲಿ ನಿಗದಿತ ದೂರ ತುಂಬಿದಾಗ ಚಾಲಕನ ಮುಂದೆ ಬೆಲ್ಟಿನ ದೀಪವೇ ಹೊತ್ತುವ ಏರ್ಪಾಡಿತ್ತು. ಕಿವಿಗೆ ಇಲ್ಲಿ ಕೆಲಸವಿಲ್ಲ. ಒಂದು ತಲೆಮಾರಿನ ಕಾರು ಮಾಲೀಕರು ಅಂಕಿ ನೋಡಿ ನಡೆಯುವುದನ್ನು ಕಲಿತರು. ಅದು ಕೆಟ್ಟ ಪಾಠವೇನೂ ಅಲ್ಲ. ಬೆಲ್ಟಿನ ವಿಷಯದಲ್ಲಿ ಇಂದಿಗೂ ಅಂಕಿಯೇ ಸರಿ. ಹತ್ತು ವರ್ಷ ಶೆಡ್ಡಿನಲ್ಲಿ ನಿಂತ ಕಾರಿನ ಬೆಲ್ಟನ್ನೂ ಓಡಿಸುವ ಮೊದಲು ಬದಲಾಯಿಸಬೇಕು.

ಮರಳಿ ಬಂದ ಸರಪಳಿ

ಬೆಲ್ಟಿನ ಯುಗ ಶಾಶ್ವತವೆಂದು ತೋರುತ್ತಿದ್ದಾಗಲೇ ಸರಪಳಿ ಹಿಂದಿರುಗಿತು. 2007ರಲ್ಲಿ ಬಂದ ಮಾರುತಿ ಸ್ವಿಫ್ಟ್‌ನ ಡೀಸೆಲ್ ಮಾದರಿಯಲ್ಲಿ ಫಿಯಟ್ ರೂಪಿಸಿದ 1,248 ಸಿ.ಸಿ. ಎಂಜಿನ್ನಿತ್ತು. ಅದರ ಕ್ಯಾಮ್‌ಗೆ ಸರಪಳಿ. ಮರುವರ್ಷದಿಂದ ಮಾರುತಿಯ ಹೊಸ ಕೆ ಸರಣಿಯ ಪೆಟ್ರೋಲ್ ಎಂಜಿನ್‌ಗಳಿಗೂ ಸರಪಳಿ ಬಂದಿತು. ಮಾಲೀಕನಿಗೆ ಬೆಲ್ಟು ಬದಲಾಯಿಸುವ ಖರ್ಚು ತಪ್ಪಿತು. ಹೊಗೆಯ ಕಟ್ಟುಪಾಡುಗಳು ಬಿಗಿಯಾದಂತೆ ಕವಾಟಗಳ ಗಳಿಗೆಯನ್ನು ಹೆಚ್ಚು ಕಾಲ ತಪ್ಪದಂತೆ ಹಿಡಿದಿಡಬೇಕಾದುದೂ ಒಂದು ಕಾರಣ. ಹೊಸ ಕೈಪಿಡಿಗಳಲ್ಲಿ ಸರಪಳಿಯ ಮುಂದೆ ಸಾಮಾನ್ಯವಾಗಿ ಅಂಕಿಯೇ ಇಲ್ಲ. ಮಾರಾಟಗಾರರ ಬಾಯಲ್ಲಿ ಅದು "ಜೀವಮಾನದ ಚೈನು".

ಯಾರ ಜೀವಮಾನ? ಇದನ್ನು ಕೇಳುವ ಅಭ್ಯಾಸ ನಮಗೆ ತಪ್ಪಿಹೋಗಿತ್ತು. ಎಂಜಿನ್ನಿನ ಜೀವಮಾನ ಎಂದುಕೊಂಡರೆ ವಾಕ್ಯ ಯಾವಾಗಲೂ ಸತ್ಯವೇ, ಸರಪಳಿ ಹೋದ ದಿನ ಅನೇಕ ಸಲ ಎಂಜಿನ್ನೂ ಹೋಗುತ್ತದೆ!

ಹೊಸ ಸರಪಳಿ ಹಳೆಯದರಂತಲ್ಲ. ಅದು ಉದ್ದ, ಎಷ್ಟೋ ಕಡೆ ತೆಳು. ಸಡಿಲವಾದಷ್ಟೂ ಹಿಂದಿನಿಂದ ಒತ್ತಿ ಬಿಗಿ ಕಾಯಲು ಎಣ್ಣೆಯ ಒತ್ತಡದಿಂದ ನಡೆಯುವ ಟೆನ್ಷನರ್ ಇರುತ್ತದೆ. ಜಾರಲು ಪ್ಲಾಸ್ಟಿಕ್ ಮುಖದ ಪಟ್ಟಿಗಳು. ಟೆನ್ಷನರ್ ಸವೆತವನ್ನು ಮರೆಮಾಡುತ್ತ ಹೋಗುತ್ತದೆ. ಅದರ ಚಾಚು ಮುಗಿದ ಮೇಲೆ ಸರಪಳಿಗೆ ಆಸರೆಯಿಲ್ಲ. ಎಲ್ಲವೂ ಎಣ್ಣೆಯನ್ನೇ ನಂಬಿರುವುದರಿಂದ ಎಣ್ಣೆ ಕೆಟ್ಟರೆ, ಕಡಿಮೆಯಾದರೆ, ಡೀಸೆಲ್ಲಿನ ಮಸಿ ಬೆರೆತು ಅರೆಯುವ ಪುಡಿಯಂತಾದರೆ ಪಿನ್ನುಗಳು ಬೇಗ ಸವೆಯುತ್ತವೆ. 2000ದ ದಶಕದ ನಂತರ ಯೂರೋಪಿನ ಕೆಲವು ಹೆಸರಾಂತ ಕಾರುಗಳಲ್ಲೂ ಸರಪಳಿಗಳು ನಿರೀಕ್ಷೆಗಿಂತ ಬಹಳ ಮೊದಲೇ ಕೈಕೊಟ್ಟದ್ದುಂಟು.

ನಮ್ಮ ಊರಿನ ತೊಂದರೆ ಇನ್ನೊಂದಿದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಉತ್ತರ ಬೆಂಗಳೂರಿನ ಎಷ್ಟೋ ಮನೆಗಳ ಅನ್ನ ಟ್ಯಾಕ್ಸಿಯಿಂದ ಬರತೊಡಗಿತು. ಹೆಬ್ಬಾಳದ ಮೇಲ್ಸೇತುವೆಯ ಬಳಿ ವಾಹನಗಳ ಸಾಲು ನಿಂತಾಗ ಕಿಲೋಮೀಟರಿನ ಅಂಕಿಯೂ ನಿಲ್ಲುತ್ತದೆ, ಆದರೆ ಎಂಜಿನ್ ನಿಂತಿರುವುದಿಲ್ಲ. ನಿಮಿಷಕ್ಕೆ 800 ಸುತ್ತಿನಂತೆ ಒಂದು ಗಂಟೆ ನಿಂತಲ್ಲೇ ಗುರುಗುಟ್ಟಿದರೆ 48,000 ಸುತ್ತು. ಸರಪಳಿ ದೂರವನ್ನು ಎಣಿಸುವುದಿಲ್ಲ, ಸುತ್ತುಗಳನ್ನು ಎಣಿಸುತ್ತದೆ. ತುಮಕೂರಿಗೆ ಹೋಗಿ ಬರುವ ಕಾರಿನ ಒಂದು ಲಕ್ಷ ಕಿಲೋಮೀಟರೂ ನಗರದ ಟ್ಯಾಕ್ಸಿಯ ಒಂದು ಲಕ್ಷ ಕಿಲೋಮೀಟರೂ ಸರಪಳಿಯ ಮಟ್ಟಿಗೆ ಒಂದೇ ಅಲ್ಲ.

ನಮ್ಮ ಪಕ್ಕದ ಬೀದಿಯ ಟ್ಯಾಕ್ಸಿ ಚಾಲಕರೊಬ್ಬರು ಇದನ್ನು ಕಷ್ಟಪಟ್ಟು ಕಲಿತರು. ಅವರ ಗಾಡಿ ಯಾವ ಕಂಪನಿಯದೆಂಬುದು ಇಲ್ಲಿ ಮುಖ್ಯವಲ್ಲ. ಬಾಡಿಗೆ ಬಿಡಲಾಗದೆ ಎಣ್ಣೆ ಬದಲಾವಣೆಯನ್ನು ಎರಡೆರಡು ಬಾರಿ ಮುಂದೂಡಿದ್ದರು. ಬೆಳಗಿನ ಸದ್ದು ಎರಡು ಸೆಕೆಂಡಿನಿಂದ ಆರಕ್ಕೇರಿತ್ತು. ಸಾಲದ ಕಂತು ತೀರಲು ನಾಲ್ಕು ತಿಂಗಳಿತ್ತು, ಅದು ಮುಗಿದ ಮೇಲೆ ಮಾಡಿಸೋಣವೆಂದುಕೊಂಡರು. ಮೂರನೆಯ ತಿಂಗಳು ರಸ್ತೆಯ ನಡುವೆ ಎಂಜಿನ್ ನಿಂತಿತು. ಕವಾಟಗಳೆಲ್ಲ ಬಾಗಿದ್ದವು. ಸರಪಳಿಗೆ ಒಂದು ತಿಂಗಳ ದುಡಿಮೆ ಸಾಕಾಗುತ್ತಿತ್ತು. ಎಂಜಿನ್ನಿಗೆ ಹೊಸ ಸಾಲ ಬೇಕಾಯಿತು. ಅವರದು ಅಜ್ಞಾನವಲ್ಲ. ಸದ್ದು ಕೇಳಿಸಿತ್ತು, ಅರ್ಥವೂ ಆಗಿತ್ತು. ಕಂತು ಕಟ್ಟುವವನಿಗೆ ನಾಳಿನ ನಷ್ಟಕ್ಕಿಂತ ಇಂದಿನ ಬಾಡಿಗೆ ದೊಡ್ಡದು.

ಯಾವಾಗ ಹಾಗಾದರೆ?

ಅಂಕಿಯಿಲ್ಲದ ಭಾಗಕ್ಕೆ ಅಂಕಿಯಿಂದಲೇ ಉತ್ತರ ಹೇಳಲು ಹೋಗಬಾರದು. ಒಂದು ಲಕ್ಷವಾಯಿತೆಂದು ಮೌನವಾಗಿರುವ ಸರಪಳಿಯನ್ನು ಬಿಚ್ಚಿಸುವುದೂ ತಪ್ಪು, ಕೈಪಿಡಿಯಲ್ಲಿ ಬರೆದಿಲ್ಲವೆಂದು ಗಲಗಲಿಸುವುದನ್ನು ಓಡಿಸುವುದೂ ತಪ್ಪು. ತಣ್ಣಗಿನ ಎಂಜಿನ್ ಚಾಲೂ ಆದಾಗ ಒಂದೆರಡು ಸೆಕೆಂಡು ಸದ್ದು ಬಂದರೆ ಮೊದಲು ಎಣ್ಣೆ ಮತ್ತು ಅದರ ಫಿಲ್ಟರ್ ನೋಡಬೇಕು. ಎಷ್ಟೋ ಬಾರಿ ಅಷ್ಟರಿಂದಲೇ ಸರಿಹೋಗುತ್ತದೆ. ಹೊಸ ಎಣ್ಣೆ ಹಾಕಿದ ಮೇಲೂ ಸದ್ದು ಉಳಿದರೆ, ತಿಂಗಳಿಂದ ತಿಂಗಳಿಗೆ ಉದ್ದವಾದರೆ, ಬಿಸಿಯಾದ ಮೇಲೂ ಕೇಳಿಸಿದರೆ ಬಿಚ್ಚಿ ನೋಡುವ ಕಾಲ ಬಂದಿದೆ. ಹೊಸ ಕಾರುಗಳಲ್ಲಿ ಕ್ರ್ಯಾಂಕ್ ಮತ್ತು ಕ್ಯಾಮ್‌ಗಳ ಸ್ಥಾನವನ್ನು ಹೋಲಿಸುವ ಸಂವೇದಕಗಳಿವೆ. ಅವೆರಡರ ತಾಳ ತಪ್ಪಿದರೆ ಎಂಜಿನ್ ದೀಪ ಹೊತ್ತುತ್ತದೆ. ಅದು ಕೊನೆಯ ಎಚ್ಚರಿಕೆ. ಆಮೇಲೆ ಮನೆಗೆ ಓಡಿಸಿಕೊಂಡು ಹೋಗುವುದೂ ಬೇಡ.

ಇನ್ನೊಂದು ಜಾಣತನವನ್ನು ಹಳೆಯ ಮೆಕ್ಯಾನಿಕ್‌ಗಳು ಹೇಳುತ್ತಿದ್ದರು. ಈ ಕೆಲಸದಲ್ಲಿ ಸಾಮಾನಿಗಿಂತ ಬಿಚ್ಚುವ ಕೂಲಿ ದೊಡ್ಡದು. ಎಣ್ಣೆ ಸೋರುವ ಸೀಲಿಗಾಗಿ, ಬೇರಾವುದೋ ದುರಸ್ತಿಗಾಗಿ ಮುಂದಿನ ಮುಚ್ಚಳ ಹೇಗೂ ತೆರೆದಿದ್ದರೆ, ವಯಸ್ಸಾದ ಸರಪಳಿಯನ್ನು ಆಗಲೇ ಬದಲಾಯಿಸಬೇಕು. ಜೊತೆಗೆ ಹಲ್ಲುಚಕ್ರ, ಟೆನ್ಷನರ್, ಪಟ್ಟಿಗಳನ್ನೂ ಬದಲಾಯಿಸಬೇಕು. ಸವೆದ ಹಲ್ಲಿನ ಮೇಲೆ ಹೊಸ ಚೈನು ಹಾಕಿದರೆ ಏನಾಗುತ್ತದೆಂದು ಸೈಕಲ್ ಇಟ್ಟವರಿಗೆಲ್ಲ ಗೊತ್ತು.

ಕಾರಿಗೆ ಎಷ್ಟು ಆಯುಸ್ಸು ಉಳಿದಿದೆ ಎಂಬ ಪ್ರಶ್ನೆ ಇದರ ಹಿಂದೆಯೇ ಬರುತ್ತದೆ. 15 ವರ್ಷ ದಾಟಿದ ಕಾರಿನ ಮರುನೋಂದಣಿ ಶುಲ್ಕವನ್ನು ಕೇಂದ್ರ ಸರ್ಕಾರ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿಸಿತು. ಹಳೆಯ ವಾಹನಗಳನ್ನು ಗುಜರಿಗೆ ಕಳಿಸಲು ಪ್ರೋತ್ಸಾಹವೂ ಬಂತು. ಇಂದು ಸರಪಳಿಗೆ ಹಣ ಹಾಕುವವನು ಮುಂದಿನ ಐದು ವರ್ಷ ಈ ಕಾರನ್ನು ಇಟ್ಟುಕೊಳ್ಳುತ್ತೇನೆಂದು ತೀರ್ಮಾನಿಸಿದಂತೆಯೇ. ಒಂದೆರಡು ವರ್ಷದಲ್ಲಿ ಮಾರುವವನ ಲೆಕ್ಕ ಬೇರೆ. ಆದರೆ ಆ ಸದ್ದನ್ನು ಕೊಳ್ಳುವವನ ತಲೆಗೆ ಕಟ್ಟುವುದು ಲೆಕ್ಕವಲ್ಲ, ಮೋಸ.

ಎಚ್‌ಎಂಟಿ ಗಡಿಯಾರದ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಜಾಲಹಳ್ಳಿಯಲ್ಲಿ 2019ರಲ್ಲಿ ಅದರ ಸ್ಮರಣೆಯ ಸಂಗ್ರಹಾಲಯ ತೆರೆಯಿತು. ಆದರೂ ಕೀಲಿ ಕೊಟ್ಟು ಕಿವಿಗೆ ಹಿಡಿದು ನೋಡುವ ಗಡಿಯಾರಗಳು ಮತ್ತಿಕೆರೆಯ ಅನೇಕ ಮನೆಗಳಲ್ಲಿ ಇನ್ನೂ ನಡೆಯುತ್ತಿವೆ.

ನಮ್ಮ ಎದುರು ಮನೆಯವರು ಎರಡು ವರ್ಷ ತಳ್ಳಿದ ಮೇಲೆ ಒಂದು ಭಾನುವಾರ ಕಾರಿನ ಮುಂಭಾಗ ಬಿಚ್ಚಿಸಿದರು. ಮೆಕ್ಯಾನಿಕ್ ಹಳೆಯ ಸರಪಳಿಯನ್ನು ಹೊಸದರ ಪಕ್ಕದಲ್ಲಿ ಮೊಳೆಗೆ ತೂಗುಹಾಕಿ ತೋರಿಸಿದ. ಹಳೆಯದು ಹೊಸದಕ್ಕಿಂತ ಅರ್ಧ ಬೆರಳಿನಷ್ಟು ಕೆಳಗೆ ಇಳಿದಿತ್ತು. ಅವರು ಕನ್ನಡಕ ಸರಿಪಡಿಸಿಕೊಂಡು ಎರಡನ್ನೂ ಬಹಳ ಹೊತ್ತು ನೋಡಿದರು. "ಇದು ಇಷ್ಟು ದಿನ ಹೇಳುತ್ತಲೇ ಇತ್ತು" ಎಂದರು. ಮಾರನೆಯ ಬೆಳಿಗ್ಗೆ ಅವರ ಕಾರು ಯಾವ ಸದ್ದೂ ಇಲ್ಲದೆ ಹೊರಟಿತು. ಗಂಟೆ ಎಷ್ಟಾಯಿತೆಂದು ತಿಳಿಯಲು ಅಂದು ನಾವು ಗೋಡೆಯ ಗಡಿಯಾರ ನೋಡಬೇಕಾಯಿತು.